ಜನರೇಟರ್ ಕೊಟ್ಟು ಕೊಂಡ ಪಾರ್ಟು

ಹೆದರಿಸುವುದು ನನ್ನ ಉದ್ಯೋಗ. ಈ ಮಾತನ್ನು ಮೊದಲ ಸಲ ಮನೆಯಲ್ಲಿ ಹೇಳಿದಾಗ ನಮ್ಮಮ್ಮ ಅಂಬುಜಾ, "ಅದಕ್ಕೆ ಸಂಬಳಾನೂ ಕೊಡ್ತಾರಾ ಶ್ರೀವಿದ್ಯಾ? ಇಷ್ಟು ವರ್ಷ ನಮಗೆ ಬಿಟ್ಟಿ ಮಾಡ್ತಿದ್ದೆಯಲ್ಲೇ" ಎಂದಳು. ಟೆಲಿಫೋನ್ ಕಾರ್ಖಾನೆಯಿಂದ ರಿಟೈರ್ ಆಗಿದ್ದ ನಮ್ಮಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಕೊಲೆಯ ಕಥೆ ಬರೆಯುವ ಮಗಳಿಗೆ ಎಲ್ಲಿಂದ ಗಂಡು ತರುವುದು ಎಂದು ಅವರು ಯೋಚಿಸುತ್ತಿದ್ದಾರೆಂದು ನನಗೆ ಗೊತ್ತಾಯಿತು. ಅವರು ಓದುತ್ತಿದ್ದುದು ವಧೂವರರ ಪುಟ.

ಇದು ಎರಡು ಸಾವಿರದ ಐದನೇ ಇಸವಿಯ ಮಾತು. ರಾಮಮೂರ್ತಿ ನಗರದ ಒಂದು ಅಡ್ಡರಸ್ತೆಯಲ್ಲಿ, ಗಿಳಿಹಸಿರು ಬಣ್ಣದ ಮನೆಯ ಮಹಡಿಯ ಮೇಲೆ ನಮ್ಮ ಕಂಪನಿ ಇತ್ತು. ಕಂಪನಿ ಎಂದರೆ ಮೂರೇ ಜನ. ಕಶ್ಯಪ್ ಯಜಮಾನ. ಅವನ ಕೆಲಸ ಹೊರದೇಶದ ಗಿರಾಕಿಯ ಜೊತೆ ಇಂಗ್ಲಿಷಿನಲ್ಲಿ ಮಾತಾಡುವುದು, ನಮ್ಮ ಜೊತೆ ನಿಟ್ಟುಸಿರಿನಲ್ಲಿ ಮಾತಾಡುವುದು. ಶಿವಾಜಿನಗರದ ಮುಕ್ತಾರ್ ಚಿತ್ರ ಬಿಡಿಸುತ್ತಿದ್ದ, ಪ್ರೋಗ್ರಾಂ ಬರೆಯುತ್ತಿದ್ದ, ಕಂಪ್ಯೂಟರ್ ಕೆಟ್ಟರೆ ಬಿಚ್ಚಿ ಊದಿ ಮತ್ತೆ ಜೋಡಿಸುತ್ತಿದ್ದ. ಕಥೆ ಮತ್ತು ಮಾತು ನನ್ನವು.

ನಾವು ಮಾಡುತ್ತಿದ್ದುದು ಒಂದು ಕಂಪ್ಯೂಟರ್ ಆಟ. ಕುಕ್ ಟೌನಿನ ಹಳೇ ಬಂಗಲೆಯೊಂದರಲ್ಲಿ ಒಬ್ಬ ಹೆಂಗಸಿನ ಕೊಲೆಯಾಗಿದೆ. ಆಡುವವನೇ ಪತ್ತೇದಾರ. ಅವನು ಕೋಣೆಯಿಂದ ಕೋಣೆಗೆ ನಡೆದು, ಬೀರು ತೆಗೆದು, ಮನೆಯವರನ್ನು ಪ್ರಶ್ನಿಸಿ ಕೊಲೆಗಾರನನ್ನು ಹಿಡಿಯಬೇಕು. ರಕ್ತ ತೋರಿಸಿ ಹೆದರಿಸುವ ಆಟವಲ್ಲ, ತಲೆಯೊಳಗೆ ಕೂತು ಹೆದರಿಸುವ ಆಟ. ನೀವು ಬಿಟ್ಟುಹೋದ ಕುರ್ಚಿ ವಾಪಸು ಬರುವಷ್ಟರಲ್ಲಿ ಗೋಡೆಯ ಕಡೆ ತಿರುಗಿರುತ್ತದೆ. ಪಡಸಾಲೆಯ ಕೊನೆಯಲ್ಲಿ ಸತ್ತವಳು ಸುಮ್ಮನೆ ನಿಂತಿರುತ್ತಾಳೆ. ಕೊಂದವನು ಅವಳ ಸ್ವಂತ ಅಣ್ಣ, ಬಂಗಲೆಯ ಆಸೆಗೆ. ಇದನ್ನೆಲ್ಲ ನಾನು ಕೂತು ಬರೆದಿದ್ದೆ ಮತ್ತು ಬಹಳ ಭಯಂಕರವಾಗಿದೆ ಎಂದು ನಂಬಿದ್ದೆ.

ಗಿರಾಕಿ ನಂಬಲಿಲ್ಲ. ಚಿತ್ರ ಚೆನ್ನಾಗಿದೆ, ಕಥೆ ಪರವಾಗಿಲ್ಲ, ಆದರೆ ನಮ್ಮಲ್ಲಿ ಯಾರೂ ಹೆದರುತ್ತಿಲ್ಲ ಎಂದು ಅವರು ಬರೆದರು. ಹೆದರುವುದಾದರೂ ಹೇಗೆ? ಕಿಟಕಿಗೆ ಬೆಡ್‌ಶೀಟು ಕಟ್ಟಿ, ಲೈಟು ಆರಿಸಿ, ದೆವ್ವವನ್ನು ಪಡಸಾಲೆಗೆ ತಂದು ನಿಲ್ಲಿಸಿದ ಕ್ಷಣಕ್ಕೆ ಸರಿಯಾಗಿ ಕೆಳಗೆ ಸೊಪ್ಪಿನವಳು "ದಂಟೂ, ಮೆಂತ್ಯಾ, ಸಬ್ಸಿಗೇ" ಎಂದು ಕೂಗುತ್ತಿದ್ದಳು. ಅದೂ ಇಲ್ಲದಿದ್ದರೆ ಕರೆಂಟು ಹೋಗುತ್ತಿತ್ತು. ಆಗ ಕಶ್ಯಪ್ ಒಬ್ಬ ಮಾತ್ರ ಹೆದರುತ್ತಿದ್ದ.

ಮನೆಯ ಓನರ್ ಮುನಿಆಂಜನಪ್ಪ. ಇದೇ ಕಡೆಯ ಹಳ್ಳಿಯವರು. ಅಪ್ಪ ರಾಗಿ ಬೆಳೆದ ಹೊಲದಲ್ಲಿ ಇವರು ಬಾಡಿಗೆ ಮನೆ ಬೆಳೆದಿದ್ದರು. ದಪ್ಪ ಮೀಸೆ, ಅದಕ್ಕಿಂತ ದಪ್ಪ ದನಿ. ನಾವು ಆಟ ಮಾಡುತ್ತೇವೆಂದು ತಿಳಿದ ದಿನದಿಂದ ಮಹಡಿ ಹತ್ತಿ ಬಂದು ಕುರ್ಚಿ ಎಳೆದುಕೊಂಡು ಕೂರುವುದು ಶುರುವಾಯಿತು. ಊರಿನ ಪೌರಾಣಿಕ ನಾಟಕಗಳಲ್ಲಿ ಅವರು ಗದೆ ಹಿಡಿಯುವ ಪಾರ್ಟು ಹಾಕುತ್ತಿದ್ದವರು. ಆ ನಾಟಕಗಳ ಪದ್ಧತಿ ನಮಗೆ ತಿಳಿದಿರಲಿಲ್ಲ. ಅಲ್ಲಿ ಪಾರ್ಟು ಹಾಕಿದವನಿಗೆ ಯಾರೂ ದುಡ್ಡು ಕೊಡುವುದಿಲ್ಲ, ಅವನೇ ಕೊಟ್ಟು ಪಾರ್ಟು ತಗೊಳ್ಳಬೇಕು. ದೊಡ್ಡ ಪಾರ್ಟಾದರೆ ದೊಡ್ಡ ಕೈ ಬೇಕು.

"ಇದ್ರಲ್ಲಿ ಎಲ್ಲಕ್ಕಿಂತ ದೊಡ್ ಪಾರ್ಟು ಯಾವ್ದ್ರೀ?" ಎಂದು ಒಂದು ದಿನ ಕೇಳಿದರು.

"ಪತ್ತೇದಾರಂದು ಮುನಿಯಣ್ಣ," ಎಂದ ಮುಕ್ತಾರ್. "ಆದ್ರೆ ಅವನ ಮುಖ ಕಾಣ್ಸಲ್ಲ. ಆಡೋನೇ ಅವನು."

"ಮುಖಾನೇ ಕಾಣ್ದಿದ್ದ ಮೇಲೆ ಅದೆಂಥ ಪಾರ್ಟು? ಮುಖ ಕಾಣೋದ್ರಲ್ಲಿ ದೊಡ್ಡದು ಹೇಳಿ."

ಕಶ್ಯಪ್ ನನ್ನ ಕಡೆ ನೋಡಿದ. ಮುಖ ಕಾಣುವುದರಲ್ಲಿ ದೊಡ್ಡದು ಕೊಲೆಗಾರನದು. "ಸತ್ತೋಳ ಅಣ್ಣಂದು ಸಾರ್," ಎಂದೆ ನಾನು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

"ಅಣ್ಣನ ಪಾರ್ಟು! ಫುಲ್ ಸೆಂಟಿಮೆಂಟು!" ಎಂದು ತೊಡೆ ತಟ್ಟಿದರು. "ನನ್ನೇ ಹಾಕ್ಕೊಳ್ಳಿ. ಪಾರ್ಟಿಗೆ ಏನ್ ಕೊಡ್ಬೇಕು?"

ಕಶ್ಯಪ್ ಏನೂ ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಕರೆಂಟು ಹೋಯಿತು. ಮುನಿಆಂಜನಪ್ಪ ಕತ್ತಲಾದ ಕಂಪ್ಯೂಟರುಗಳನ್ನೂ ಕಶ್ಯಪನ ಮುಖವನ್ನೂ ನೋಡಿ ವ್ಯವಹಾರ ಮುಗಿಸಿಬಿಟ್ಟರು. ಮರುದಿನ ಬೆಳಿಗ್ಗೆ ಮದುವೆ ಪೆಂಡಾಲುಗಳಿಗೆ ಬಾಡಿಗೆಗೆ ಹೋಗುತ್ತಿದ್ದ ಅವರ ಜನರೇಟರು ಬಂದು ನಮ್ಮ ಮೆಟ್ಟಿಲ ಕೆಳಗೆ ಕೂತಿತು. ಕಶ್ಯಪ್ ಅದಕ್ಕೆ ಕೈಮುಗಿದ. ಮುಕ್ತಾರ್ ಓನರನ್ನು ಗೋಡೆಗೆ ನಿಲ್ಲಿಸಿ ಎಡ, ಬಲ, ನೇರ ಫೋಟೋ ತೆಗೆದು ಕೊಲೆಗಾರನ ಮೈಗೆ ಅಂಟಿಸಿದ. ಇಡೀ ಬೀದಿಗೆ, ಆಮೇಲೆ ಇಡೀ ನೆಂಟಸ್ತನಕ್ಕೆ, ಮುನಿಆಂಜನಪ್ಪ ಫಾರಿನ್ ಆಟದಲ್ಲಿ ಮೇನ್ ಪಾರ್ಟು ಮಾಡ್ತಾ ಇದಾರೆ ಎಂದು ಸುದ್ದಿಯಾಯಿತು.

ಅಣ್ಣ ಸಿಕ್ಕಿದ ಮೇಲೆ ತಂಗಿಗಾಗಿ ಎಲ್ಲಿ ಹುಡುಕುವುದು? ಅವರ ತಂಗಿ ಧನಲಕ್ಷ್ಮಿ ಅದೇ ಕಾಂಪೌಂಡಿನ ಹಿಂದೆ, ಶೀಟು ಹಾಕಿದ ಒಂಟಿ ಮನೆಯಲ್ಲಿದ್ದರು. ಎಲ್ಲರಿಗೂ ಧನಮ್ಮ. ಗಂಡ ಕೆಂಪರಾಜ್ ತೀರಿಕೊಂಡ ಮೇಲೆ ಹೊಸಕೋಟೆ ಕಡೆಯಿಂದ ತವರಿಗೆ ಬಂದವರು, ಮಕ್ಕಳಿಲ್ಲ. ಅಣ್ಣನ ಮನೆಯ ಅಡುಗೆ ಅವರದೇ, ನಮ್ಮ ಮೂವರ ಮಧ್ಯಾಹ್ನದ ಊಟವೂ ಅವರದೇ. ಅವರ ಬಸ್ಸಾರು ತಿಂದು ಮುಕ್ತಾರ್ ಶಿವಾಜಿನಗರದ ಬಿರಿಯಾನಿಯನ್ನೇ ಮರೆತಿದ್ದ.

"ಸತ್ತೋಳ ಪಾರ್ಟಾ?" ಎಂದು ಧನಮ್ಮ ಸೆರಗಿನಿಂದ ಕೈ ಒರೆಸಿಕೊಂಡರು. "ಒಳ್ಳೇದಾಯ್ತು ಬಿಡಿ, ಮಾತು ಕಲಿಯೋ ತಾಪತ್ರಯ ಇಲ್ಲ."

ಮೂರು ದಿನದಲ್ಲಿ ಅವರು ಪರದೆಯ ಮೇಲೆ ಹೆಣವಾಗಿ ಮಲಗಿದರು. ನಾವು ಕರೆದು ತೋರಿಸಿದೆವು. ಸ್ವಂತ ಹೆಣವನ್ನು ನೋಡಿದ ಯಾರೇ ಆದರೂ ಬೆಚ್ಚಿಬೀಳಬೇಕು. ಧನಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, "ಸೀರೆ ನೆರಿಗೆ ಯಾರಪ್ಪ ಹಿಡ್ದಿದ್ದು? ಹಿಂಗೆ ಉಟ್ಕೊಂಡ್ರೆ ಸಾಯೋಕ್ ಮುಂಚೆನೇ ಬಿಚ್ಚೋಗುತ್ತೆ" ಎಂದರು. ಆಮೇಲೆ ಅವರ ಕಣ್ಣು ಹೆಣದ ಹಣೆಯ ಮೇಲೆ ನಿಂತಿತು. ಮುಕ್ತಾರ್ ಅಭ್ಯಾಸಬಲದಿಂದ ಅಲ್ಲಿ ಕಾಸಗಲ ಕುಂಕುಮ ಇಟ್ಟಿದ್ದ. ಅವನಿಗೆ ತಪ್ಪು ಹೊಳೆದು, "ಸಾರಿ ಧನಮ್ಮ, ಈಗ್ಲೇ ಅಳಿಸ್ತೀನಿ" ಎಂದು ಮೌಸ್ ಹಿಡಿದ.

"ಇರ್ಲಿ ಬಿಡು," ಎಂದರು ಅವರು. "ಅದೇನ್ ಮಾಡುತ್ತೆ, ಇರ್ಲಿ."

ಆ ವಾರವೇ ನನಗೆ ಬಿಡುಗಡೆ ಪತ್ರದ ವಿಷಯ ಗೊತ್ತಾದದ್ದು. ಕಲ್ಕೆರೆ ಕಡೆ ಇವರ ಅಪ್ಪನ ಜಮೀನು ಇನ್ನೂ ಒಂದಷ್ಟು ಉಳಿದಿತ್ತು. ಅದನ್ನು ಬಿಲ್ಡರಿಗೆ ಕೊಡುವ ಮಾತು ಮುಗಿದಿತ್ತು. ಹೆಣ್ಣುಮಗಳಿಗೂ ಪಾಲಿದೆಯಾದ್ದರಿಂದ, ನನಗೇನೂ ಬೇಡ ಎಂದು ಧನಮ್ಮ ಮುಂದಿನ ಸೋಮವಾರ ಕೆ.ಆರ್. ಪುರದ ರಿಜಿಸ್ಟ್ರಾರ್ ಆಫೀಸಿನಲ್ಲಿ ಸೈನು ಹಾಕಿ ಹೆಬ್ಬೆಟ್ಟು ಒತ್ತಬೇಕಿತ್ತು. ಈ ಕಡೆಯ ಮನೆಗಳಲ್ಲಿ ಅದು ನಡೆದುಕೊಂಡು ಬಂದದ್ದೇ. ತಂಗಿಯರು ಸೈನು ಹಾಕುತ್ತಾರೆ, ಅಣ್ಣಂದಿರು ರೇಷ್ಮೆ ಸೀರೆ ಕೊಡುತ್ತಾರೆ, ಎಲ್ಲರೂ ಹೋಟೆಲಿನಲ್ಲಿ ಮಸಾಲೆದೋಸೆ ತಿಂದು ಮನೆಗೆ ಬರುತ್ತಾರೆ. ಮನೆಯ ಹಿರಿಯರಾದ ಚಿಕ್ಕಪ್ಪ ಚಂದ್ರಾಮಪ್ಪ ಆಗಲೇ ಸೀರೆ ತಂದು ಕೊಟ್ಟು ಹೋಗಿದ್ದರು.

"ನೀವು ಹೂಂ ಅಂದ್ರಾ?" ಎಂದೆ. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ನಮ್ಮಪ್ಪನೇ ಹಂಗೆ ಹೇಳಿ ಕಣ್ಮುಚ್ಚಿದ್ರಂತೆ ಕಣಮ್ಮ. ನಾನು ಆಗ ಹೊಸಕೋಟೇಲಿ ನಮ್ಮನೆಯೋರ್ನ ನೋಡ್ಕೋತಿದ್ದೆ. ಓಡ್ ಬರೋಷ್ಟ್ರಲ್ಲಿ ಮಲಗಿಸ್ಬಿಟ್ಟಿದ್ರು. ಅಣ್ಣನೇ ಹೇಳ್ತು, ಅಪ್ಪ ಹಿಂಗ್ ಹೇಳಿದ್ರು ಅಂತ. ಅಪ್ಪನ ಮಾತು ಮೀರಕ್ಕಾಗುತ್ತಾ?"

ನಾಳೆ ಆ ಶೀಟಿನ ಮನೆ ಕೆಡವಿ ಕಾರ್ ಶೆಡ್ ಕಟ್ಟುತ್ತೇನೆಂದು ಅಣ್ಣ ಅಂದರೆ ಈಕೆಗೆ ತಲೆ ಇಡಲು ಜಾಗವಿರಲಿಲ್ಲ. ಅದನ್ನೂ ಹೇಳಿದೆ. ಧನಮ್ಮ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿ ಮಾತು ಮುಗಿಸಿದರು.

ಅದೇ ಹೊತ್ತಿಗೆ ಗಿರಾಕಿಯಿಂದ ಕಟ್ಟಕಡೆಯ ಎಚ್ಚರಿಕೆ ಬಂತು. ಇನ್ನೊಮ್ಮೆ ಕಳಿಸಿ, ಹೆದರಿಕೆಯಾಗದಿದ್ದರೆ ಇಲ್ಲಿಗೆ ಸಾಕು ಎಂದು. ಹೊಸಬರ ಕೈಯಲ್ಲಿ ಆಡಿಸಿ ನೋಡೋಣ ಎಂದ ಕಶ್ಯಪ್. ಹೊಸಬರು ಎಂದರೆ ಇನ್ಯಾರು? ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಧನಮ್ಮನನ್ನು ಕೂರಿಸಿ ಮೌಸ್ ಕೈಗೆ ಕೊಟ್ಟೆವು. ಅವರು ಬಂಗಲೆಯ ಬಾಗಿಲಿಗೆ ಬಂದು ನಿಂತುಬಿಟ್ಟರು.

"ಒಳಗೆ ಹೋಗಿ ಧನಮ್ಮ."

"ಚಪ್ಪಲಿ ಹೆಂಗ್ ಬಿಡೋದು?"

"ಅದಕ್ಕೆ ಬಟನ್ ಇಲ್ಲ," ಎಂದ ಮುಕ್ತಾರ್.

"ಸಾವಾಗಿರೋ ಮನೆ, ಚಪ್ಪಲಿ ಹಾಕ್ಕೊಂಡ್ ನುಗ್ಗಕ್ಕಾಗುತ್ತಾ? ಎಂಥೋರಪ್ಪ ನೀವು."

ಮುಕ್ತಾರ್ ಸಂಜೆ ಉಳಿದು ಹೊಸ್ತಿಲ ಮುಂದೆ ಚಪ್ಪಲಿ ಬಿಡುವ ಬಟನ್ ಹಾಕಿದ. ಎರಡನೇ ದಿನ ಧನಮ್ಮ ಒಳಗೆ ಹೋದರು, ಆದರೆ ಬೀರು ತೆಗೆಯಲು ಒಪ್ಪಲಿಲ್ಲ. ಬೇರೆ ಹೆಂಗಸಿನ ಬೀರು, ಅದರಲ್ಲೂ ಸತ್ತವಳದು, ಮುಟ್ಟಬಾರದಂತೆ. ಆ ಬೀರುವಿನಲ್ಲಿ ನಾನು ಆರು ಸುಳಿವು ಇಟ್ಟಿದ್ದೆ. ಪಡಸಾಲೆಯ ಕೊನೆಯಲ್ಲಿ ದೆವ್ವ ಬಂದು ನಿಂತಾಗ ನಾವು ಮೂವರೂ ಉಸಿರು ಬಿಗಿಹಿಡಿದೆವು. ಧನಮ್ಮ, "ನೋಡಮ್ಮ, ನಿಂತೇ ಅವ್ಳೆ ಪಾಪ. ಕೂರಕ್ಕೆ ಒಂದ್ ಮಣೆನಾದ್ರೂ ಹಾಕ್ಬಾರ್ದಾ?" ಎಂದು ನನ್ನನ್ನೇ ಬೈದರು. ಕಶ್ಯಪ್ ಎದ್ದು ಬಾಲ್ಕನಿಗೆ ಹೋಗಿ ಸಿಗರೇಟು ಹಚ್ಚಿದ.

ಮನೆಯವರನ್ನು ಪ್ರಶ್ನಿಸುವ ಹಂತ ಬಂತು. ನಾನು ಇಪ್ಪತ್ತು ಪ್ರಶ್ನೆ ಬರೆದಿದ್ದೆ. ಆ ಹೊತ್ತಿನಲ್ಲಿ ನೀವು ಎಲ್ಲಿದ್ದಿರಿ, ಕೊನೆಯ ಸಲ ಯಾವಾಗ ನೋಡಿದಿರಿ, ಇಂಥವು. ಧನಮ್ಮ ಒಂದನ್ನೂ ಒತ್ತಲಿಲ್ಲ.

"ಇದ್ಯಾವ್ದೂ ಕೇಳಂಗಿಲ್ಲ ಶ್ರೀವಿದ್ಯಾ. ಸಾವಿನ್ ಮನೇಲಿ ಪೊಲೀಸ್ನಂಗೆ ಕೇಳಿದ್ರೆ ಯಾರ್ ಬಾಯ್ ಬಿಡ್ತಾರೆ? ಹೋಗಿ ಪಕ್ಕದಲ್ಲಿ ಕೂತ್ಕೋಬೇಕು. ಕೈ ಹಿಡ್ಕೊಂಡು 'ಹೆಂಗಾಯ್ತು?' ಅನ್ಬೇಕು. ಅಷ್ಟೆ. ಅವರೇ ಮೊದಲಿಂದ ಹೇಳ್ತಾರೆ. ಇನ್ನೊಬ್ರು ಬಂದು ಕೇಳಿದ್ರೆ ಅವರಿಗೂ ಮೊದಲಿಂದ ಹೇಳ್ತಾರೆ. ನೀನು ಅಲ್ಲೇ ಕೂತಿರು, ಸಾಕು."

ನಾನು ಸಾವಿನ ಮನೆಗಳಿಗೆ ಹೋದವಳೇ. ಬಂದವರೆಲ್ಲ ಕೇಳುವುದು ಅದನ್ನೇ, ಮನೆಯವರು ಪ್ರತಿಯೊಬ್ಬರಿಗೂ ಬೆಳಗಿನ ಕಾಫಿಯಿಂದ ಶುರುಮಾಡಿ ಹೇಳುವುದೂ ಅದನ್ನೇ. ಸಂಜೆಯ ಹೊತ್ತಿಗೆ ಕಥೆ ನುಣುಪಾಗಿರುತ್ತದೆ, ಬೆಳಿಗ್ಗೆ ಇದ್ದ ಒಂದೆರಡು ಸಂಗತಿ ಕಾಣೆಯಾಗಿರುತ್ತವೆ, ಇಲ್ಲದ ಒಂದೆರಡು ಸೇರಿರುತ್ತವೆ. ನನಗೆ ಇದ್ದಕ್ಕಿದ್ದಂತೆ ಖುಷಿಯಾಗಿ ಧನಮ್ಮನ ಎರಡೂ ಕೈ ಹಿಡಿದು ಕುಲುಕಿದೆ. ನನ್ನ ಇಪ್ಪತ್ತು ಪ್ರಶ್ನೆಗಳನ್ನೂ ಅಳಿಸಿದೆ. ಆಟದಲ್ಲಿ ಈಗ ಒಂದೇ ಪ್ರಶ್ನೆ: ಹೇಗಾಯ್ತು? ಎಷ್ಟು ಸಲ ಬೇಕಾದರೂ ಕೇಳಬಹುದು. ಪ್ರತಿ ಸಲ ಉತ್ತರ ಒಂದು ಕೂದಲೆಳೆಯಷ್ಟು ಬೇರೆ. ಕುರ್ಚಿ ತಿರುಗುವ ಬದಲು ಮಾತೇ ತಿರುಗುತ್ತದೆ. ಸುಳ್ಳು ಎಲ್ಲಿದೆಯೆಂದು ಆಡುವವನು ಕೇಳಿಸಿಕೊಂಡೇ ಹುಡುಕಬೇಕು.

ಹಾಗಾದರೆ ದನಿ ಬೇಕಲ್ಲ. ಪಾರ್ಟು ಕೊಂಡವರು ಕೆಳಗೇ ಇದ್ದರು.

ಮುನಿಆಂಜನಪ್ಪ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಸೆಂಟು ಹಾಕಿಕೊಂಡು ಬಂದರು. ದನಿಗೆ ಸೆಂಟು ಏಕೆಂದು ನಾವು ಕೇಳಲಿಲ್ಲ. ಗೋಡೆಗೆಲ್ಲ ಕಂಬಳಿ ಹೊಡೆದ ಸ್ಟೋರ್ ರೂಮಿನಲ್ಲಿ ಮೈಕಿನ ಮುಂದೆ ನಿಲ್ಲಿಸಿದೆವು. ಮೊದಲ ಮಾತಿಗೇ ಯಂತ್ರದ ಮುಳ್ಳು ಕೊನೆ ಮುಟ್ಟಿ ಅಲ್ಲೇ ನಡುಗಿತು.

"ಸ್ವಲ್ಪ ಮೆಲ್ಲಗೆ ಮುನಿಯಣ್ಣ," ಎಂದ ಮುಕ್ತಾರ್.

"ಹಿಂದ್ ಕೂತೋರಿಗೆ ಕೇಳ್ಬೇಡ್ವೇನಯ್ಯ?"

ನಾನು ಬರೆದುಕೊಟ್ಟ ಹಾಳೆಯನ್ನು ಒಂದು ಸಲ ನೋಡಿ ಮಡಿಸಿ ಜೇಬಿಗಿಟ್ಟರು. "ಅರ್ಥ ಹೇಳಮ್ಮ, ಮಾತು ನಾನೇ ಹಾಕ್ಕೋತೀನಿ. ಸ್ಟೇಜಿನ ಮೇಲೆ ನಾವು ಹಂಗೇ." ಅರ್ಥ ಹೇಳಿದೆ. ನಿಮ್ಮ ತಂಗಿ ಸತ್ತಿದ್ದಾಳೆ, ಬಂದವರು ಹೇಗಾಯ್ತು ಎಂದು ಕೇಳುತ್ತಾರೆ, ಹೇಳಬೇಕು, ದುಃಖ ಇರಬೇಕು. ಕೊಂದವರು ನೀವೇ ಎಂಬ ಅರ್ಥವನ್ನು ಮಾತ್ರ ಹೇಳಲಿಲ್ಲ, ಜನರೇಟರು ಇನ್ನೂ ಮೆಟ್ಟಿಲ ಕೆಳಗಿತ್ತು.

ಅವರು ಕಣ್ಣು ಮುಚ್ಚಿ ಶುರುಮಾಡಿದರು. ತಂಗಿಯ ಸಾವನ್ನು ಎರಡು ಮಾತಿನಲ್ಲಿ ಮುಗಿಸಿ, ದುಃಖ ಸಾಲದೆಂದು ತೋರಿತೋ ಏನೋ, ನೇರವಾಗಿ ಸ್ವಂತ ಅಪ್ಪನ ಸಾವಿಗೆ ಹೋದರು. "ಆಸ್ಪತ್ರೆ ಮಂಚದ ಮೇಲೆ ನಮ್ಮಪ್ಪ ನನ್ನ ಕೈ ಹಿಡ್ಕೊಂಡು, 'ಮಗಾ, ನಿನ್ನ ತಂಗಿಗೆ ಏನೂ ಬೇಡ್ವಂತೆ, ಅವಳ ಪಾಲೂ ನೀನೇ ಇಟ್ಕೊ' ಅಂದ್ರು. ಅಂದಿದ್ದೇ ಜೀವ ಬಿಟ್ರು!" ಕಣ್ಣಿನಿಂದ ನಿಜವಾದ ನೀರು ಸುರಿಯಿತು. ಮುಕ್ತಾರ್ ಕೂಡ ಕಣ್ಣೊರೆಸಿಕೊಂಡ. ಒಳ್ಳೆಯ ಅಳು ಸಿಕ್ಕಿತು, ಇರಲಿ ಎಂದುಕೊಂಡು ಎರಡನೇ ಸಲ ಹೇಳಿಸಿದೆ.

"ಮನೆ ಮುಂದೆ ಹುಣಸೇಮರದ ಕೆಳಗೆ ಮಂಚ ಹಾಕಿದ್ವಿ. ಅಪ್ಪ ನೀರು ಕೇಳಿದ್ರು. ಕುಡಿದು, 'ತಂಗೀನ ನೋಡ್ಕೊಳೋ' ಅಂದ್ರು. ಅಷ್ಟೇ."

ಮೂರನೇ ಸಲ ದನಿ ಇನ್ನೂ ನಡುಗಿತು. "ಅಪ್ಪಂಗೆ ಮಾತೇ ಬಿದ್ದೋಗಿತ್ತು. ಬರೀ ಕೈ ಎತ್ತಿದ್ರು, ಹಿಂಗೆ. ಆ ಕೈ ನೋಡಿದ್ರೇ ಗೊತ್ತಾಗ್ತಿತ್ತು, ಎಲ್ಲಾ ನಿಂಗೇ ಕಣೋ ಅಂತಿದಾರೆ ಅಂತ."

ನಾನು ರೆಕಾರ್ಡಿಂಗ್ ನಿಲ್ಲಿಸಿದೆ. ಎರಡು ತಿಂಗಳಿಂದ ಮಾಡುತ್ತಿದ್ದ ಆಟದಲ್ಲಿ ಮೊದಲ ಸಲ ಒಬ್ಬರಿಗೆ ಬೆನ್ನುಹುರಿಯಲ್ಲಿ ಚಳಿ ಹುಟ್ಟಿತ್ತು, ಅದು ನನಗೆ. ಮುನಿಆಂಜನಪ್ಪ ಕಣ್ಣೊರೆಸಿಕೊಂಡು, "ಯಾವ್ದು ಚೆನ್ನಾಗ್ ಬಂತು?" ಎಂದರು. ಮೂರೂ ಬಂತು ಎಂದೆ.

ಮುಕ್ತಾರ್ ಮೂರನ್ನೂ ಆಟಕ್ಕೆ ಸೇರಿಸಿದ. ಧನಮ್ಮನಿಗೆ ಕೇಳಿಸಬೇಕೋ ಬೇಡವೋ ಎಂದು ನಾನು ಒಂದು ರಾತ್ರಿ ನಿದ್ದೆಗೆಟ್ಟೆ. ಕೇಳಿಸದೆ ಸೋಮವಾರ ಬಂದುಬಿಟ್ಟರೆ ನನ್ನ ಮುಖ ನಾನೇ ನೋಡಿಕೊಳ್ಳಲು ಆಗುವುದಿಲ್ಲ ಎನಿಸಿತು. ಶುಕ್ರವಾರ ಮಧ್ಯಾಹ್ನ ಅವರನ್ನು ಕೂರಿಸಿದೆ. ಅವರು ಚಪ್ಪಲಿ ಬಿಟ್ಟು ಬಂಗಲೆಯೊಳಗೆ ಹೋದರು, ಅಣ್ಣನ ಪಕ್ಕ ಕೂತರು, ಹೇಗಾಯ್ತು ಎಂದು ಒತ್ತಿದರು. ಆಸ್ಪತ್ರೆ. ಮತ್ತೆ ಒತ್ತಿದರು. ಹುಣಸೇಮರ. ಮತ್ತೆ ಒತ್ತಿದರು. ಎತ್ತಿದ ಕೈ.

"ಇನ್ನೊಂದ್ಸಲ ಹಾಕು," ಎಂದರು. ಮೊದಲಿನಿಂದ ಮೂರೂ ಕೇಳಿದರು. ಆಮೇಲೆ ಮೌಸನ್ನು ಮೇಜಿನ ಮೇಲೆ ಇಟ್ಟು ಎದ್ದರು.

"ಧನಮ್ಮ..."

"ಪಾತ್ರೆ ಬಿದ್ದಿದೆ ಕಣಮ್ಮ."

ಅವತ್ತು ಕೆಳಗಿನ ಕಲ್ಲಿನ ಮೇಲೆ ಪಾತ್ರೆಗಳು ಎಷ್ಟು ಜೋರಾಗಿ ಬಿದ್ದವೆಂದರೆ ಮುಕ್ತಾರ್ ರೆಕಾರ್ಡಿಂಗ್ ಬಿಟ್ಟು ಚಹಾಕ್ಕೆ ಹೋದ. ಶನಿವಾರ ಎಂದಿನಂತೆ ಮುದ್ದೆ, ಬಸ್ಸಾರು. ಧನಮ್ಮ ಆ ವಿಷಯವಾಗಿ ತುಟಿ ಬಿಚ್ಚಲಿಲ್ಲ, ನನಗೂ ಕೇಳುವ ಧೈರ್ಯ ಬರಲಿಲ್ಲ. ಹೆಂಗಸು ಸುಮ್ಮನೆ ಹೋಗಿ ಸೈನು ಹಾಕಿ ಬರುತ್ತಾಳೆ ಎಂದು ನನ್ನಷ್ಟಕ್ಕೆ ನಾನೇ ಕುದಿಯುತ್ತಿದ್ದೆ.

ಭಾನುವಾರ ಬೆಳಿಗ್ಗೆ ಮುನಿಆಂಜನಪ್ಪ ನೆಂಟರನ್ನೆಲ್ಲ ಕರೆದರು. ಮಾರನೇ ದಿನ ರಿಜಿಸ್ಟ್ರೇಷನ್ನಿಗೆ ಹೇಗೂ ಎಲ್ಲ ಸೇರಬೇಕಿತ್ತು, ಹಿಂದಿನ ದಿನವೇ ಬಂದರೆ ತಮ್ಮ ಪಾರ್ಟೂ ನೋಡಿದಂತಾಗುತ್ತದೆ ಎಂಬ ಲೆಕ್ಕ. ಬೇಡವೆಂದು ಕಶ್ಯಪ್ ಕೈಕಾಲು ಹಿಡಿದ. ಇನ್ನೂ ಪೂರ್ತಿ ಆಗಿಲ್ಲ ಸಾರ್ ಎಂದ, ಗಿರಾಕಿ ಒಪ್ಪಲ್ಲ ಸಾರ್ ಎಂದ. "ಪಾರ್ಟು ನಂದು, ಜನರೇಟರು ನಂದು, ಮನೆ ನಂದು, ಗಿರಾಕಿ ಯಾವನ್ರೀ?" ಎಂದರು ಓನರು. ಚಂದ್ರಾಮಪ್ಪ ಮುಂದಿನ ಕುರ್ಚಿಯಲ್ಲಿ ಕೂತರು. ಉಳಿದವರು ಚಾಪೆಯ ಮೇಲೆ, ಮೆಟ್ಟಿಲ ಮೇಲೆ, ಕಿಟಕಿಯ ಕಟ್ಟೆಯ ಮೇಲೆ. ಕರೆಂಟು ತನ್ನ ಪದ್ಧತಿ ಬಿಡದೆ ಹೋಯಿತು. ಕೆಳಗೆ ಜನರೇಟರು ಗುಡುಗಲು ಶುರುಮಾಡಿತು.

ಆಟ ಆಡಿ ತೋರಿಸಲು ಗೊತ್ತಿದ್ದ ಮನೆಯವರು ಒಬ್ಬರೇ. "ಬಾರೇ ಧನ, ನೀನೇ ಆಡ್ಸು," ಎಂದು ಮುನಿಆಂಜನಪ್ಪನೇ ಕೂಗಿದರು. ಧನಮ್ಮ ಕೈ ಒರೆಸಿಕೊಂಡು ಬಂದು ಕೂತರು.

ಪರದೆಯ ಮೇಲೆ ಹೆಣ ಕಂಡಾಗ ಹೆಂಗಸರು ಅಯ್ಯಯ್ಯೋ ಎಂದರು. ಒಬ್ಬಾಕೆ ಧನಮ್ಮನ ದೃಷ್ಟಿ ತೆಗೆದು ನೆಟಿಗೆ ಮುರಿದಳು. ಅಣ್ಣ ಬಂದು ನಿಂತಾಗ ಗಂಡಸರು ಶಿಳ್ಳೆ ಹಾಕಿದರು. ನಿಜವಾದ ಮುನಿಆಂಜನಪ್ಪ ಪಕ್ಕದಲ್ಲೇ ಎದ್ದು ನಿಂತು ಕೈಮುಗಿದರು. ಧನಮ್ಮ ಒತ್ತಿದರು: ಹೇಗಾಯ್ತು? ಆಸ್ಪತ್ರೆಯ ಕಥೆ ಮುಗಿದಾಗ ಎಲ್ಲರ ಕಣ್ಣೂ ಒದ್ದೆ. ಮತ್ತೆ ಒತ್ತಿದರು. ಹುಣಸೇಮರ ಬಂತು. ಚಂದ್ರಾಮಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ಲೋ ಮುನಿ, ಈಗ ತಾನೇ ಆಸ್ಪತ್ರೆ ಅಂದ್ಯಲ್ಲೋ?"

"ಅದು ಆಟ ಚಿಕ್ಕಪ್ಪ. ಒಂದೊಂದ್ಸಲ ಒಂದೊಂಥರ ಬರುತ್ತೆ."

ಮೂರನೇ ಸಲ ಕೈ ಎತ್ತಿದ ಕಥೆ. ಶಿಳ್ಳೆ ನಿಂತುಹೋಗಿತ್ತು. ಹಿಂದೆ ಯಾರೋ ಮೆಲ್ಲಗೆ, "ನಂಗೆ ಆಸ್ಪತ್ರೆದೇ ಹೇಳಿದ್ದ" ಎಂದರು. "ನಂಗೆ ಮರದ್ದು" ಎಂದರು ಇನ್ನೊಬ್ಬರು. ಧನಮ್ಮ ತಿರುಗಿ ನೋಡಲಿಲ್ಲ. ಆಟ ಕೊನೆಗೆ ಬಂದಿತ್ತು. ಅಡುಗೆಯವನು, ಮಾಲಿ, ಡಾಕ್ಟರು, ಅಣ್ಣ, ನಾಲ್ಕು ಮುಖ ಸಾಲಾಗಿ ನಿಂತವು. ಕೊಲೆಗಾರನ ಮೇಲೆ ಬಾಣ ಇಟ್ಟು ಒತ್ತಬೇಕು. ಬಾಣ ಅಡುಗೆಯವನನ್ನು ದಾಟಿತು, ಮಾಲಿಯನ್ನು ದಾಟಿತು, ಡಾಕ್ಟರನ್ನೂ ದಾಟಿ ಅಣ್ಣನ ಮೇಲೆ ನಿಂತಿತು.

"ಅದಲ್ಲ ಕಣಮ್ಮ, ಅದು ಮುನಿ!" ಎಂದು ಎಲ್ಲರೂ ಕೂಗಿದರು.

ಧನಮ್ಮ ಒತ್ತಿದರು. ಮುನಿಆಂಜನಪ್ಪನ ಮುಖ ಪರದೆ ತುಂಬ ಬಂದು ನಿಧಾನವಾಗಿ ನಕ್ಕಿತು. ಕಿಟಕಿ ಕರ್ಟನ್ನಿನ ಹಗ್ಗ ಹಿಡಿದು ಆತ ತಂಗಿಯ ಕೋಣೆಗೆ ಹೋಗುವುದು, ಬಾಗಿಲು ಮುಚ್ಚುವುದು, ಎಲ್ಲ ಕಂಡಿತು. ಮುಕ್ತಾರ್ ಬಹಳ ಚೆನ್ನಾಗಿ ಮಾಡಿದ್ದ.

"ಅಯ್ಯೋ ಪಾಪಿ, ನೀನೇನೋ!" ಎಂದು ಚಂದ್ರಾಮಪ್ಪ ಎದ್ದು ನಿಂತರು.

ಮುನಿಆಂಜನಪ್ಪನ ಮೀಸೆ ಕುಣಿಯಿತು. "ರೀ ಕಶ್ಯಪ್! ಇದೇನ್ರೀ? ಅಣ್ಣನ ಪಾರ್ಟು ಅಂದ್ರಲ್ರೀ! ಆರ್ಸಿ ಇದನ್ನ! ಜನರೇಟರ್ ವಾಪಸ್!" ಯಾರೂ ಆರಿಸದಿದ್ದಾಗ ಓನರು ತಾವೇ ಧಡಧಡನೆ ಮೆಟ್ಟಿಲಿಳಿದರು. ಕೆಳಗೆ ಗುಡುಗು ನಿಂತಿತು, ಅವರದೇ ನಗುಮುಖ ಆರಿಹೋಯಿತು. ಮತ್ತೆ ಅಷ್ಟೂ ಮೆಟ್ಟಿಲು ಹತ್ತಿ ಬಂದಾಗ ಜಗಳಕ್ಕೆ ಉಸಿರೇ ಉಳಿದಿರಲಿಲ್ಲ. ನಾನು ಹೋಗಿ ಕಿಟಕಿಯ ಬೆಡ್‌ಶೀಟು ಎಳೆದೆ. ಬಿಸಿಲು ಒಳಗೆ ಬಂತು.

ಅವರು ತಂಗಿಯ ಮುಂದೆ ಬಂದು ನಿಂತರು. ಅವರ ಮುಖದಲ್ಲಿ ಈಗ ಸಿಟ್ಟಿರಲಿಲ್ಲ, ನಿಜವಾಗಿ ನೋವಾಗಿತ್ತು. "ನೀನೇ ಹೇಳು ಧನ, ಇಷ್ಟು ಜನದ್ ಮುಂದೆ. ನಾನು ಅಂಥೋನಾ? ನಿನ್ನ ಕೊಲ್ತೀನಾ ನಾನು?"

"ಇಲ್ಲಣ್ಣ," ಎಂದರು ಧನಮ್ಮ. "ಕೊಲ್ಲೋನಾದ್ರೆ ಒಂದ್ಸಲನಾದ್ರೂ ನನ್ನ ಮುಖ ನೋಡ್ತಿದ್ದೆ. ನೀನು ನನ್ನ ಹೆಬ್ಬೆಟ್ಟು ಬಿಟ್ಟು ಬೇರೇನೂ ನೋಡ್ಲೇ ಇಲ್ಲ."

ಇಂಥ ಹೊತ್ತಿಗೆ ಸರಿಯಾಗಿ ಕೂಗುವ ಸೊಪ್ಪಿನವಳು ಅವತ್ತು ಬರಲಿಲ್ಲ. ಧನಮ್ಮ ಎದ್ದು, "ನಾಳೆ ನಾನು ಬರಲ್ಲ ಚಿಕ್ಕಪ್ಪ. ಸೀರೆ ತಗೊಂಡೋಗಿ" ಎಂದು ಹೇಳಿ, ಬಂದವರಿಗೆಲ್ಲ ಕಾಫಿ ಮಾಡಲು ಕೆಳಗಿಳಿದರು. ನನಗೆ ಚಪ್ಪಾಳೆ ಹೊಡೆಯಬೇಕೆನಿಸಿತು. ಅಳುತ್ತಿದ್ದೆನಾದ್ದರಿಂದ ಹೊಡೆಯಲಿಲ್ಲ.

ಸೋಮವಾರ ರಿಜಿಸ್ಟ್ರೇಷನ್ ನಡೆಯಲಿಲ್ಲ. ಮುನಿಆಂಜನಪ್ಪ ನಮಗೆ ಮನೆ ಖಾಲಿ ಮಾಡಿ ಎಂದರು. ಮಂಗಳವಾರ ಅದನ್ನೇ ಸ್ವಲ್ಪ ಮೆಲ್ಲಗೆ ಅಂದರು. ಬುಧವಾರ ಬಂದು, ಚಿಕ್ಕಪ್ಪನ ಮೊಮ್ಮಕ್ಕಳು ಪೂರ್ತಿ ಹೆದರಿ ಎರಡು ರಾತ್ರಿ ಮಲಗಿಲ್ಲವಂತೆ, ಅದು ಯಾರ ಆಕ್ಟಿಂಗಿಗೆ ಎಂದು ಕೇಳಿದರು. ಆಮೇಲೆ ಖಾಲಿ ಮಾಡುವ ಮಾತು ಬರಲಿಲ್ಲ. ಗಿರಾಕಿಗೂ ಅದೇ ಆಟ ಹೋಯಿತು, ಓನರ ದನಿಯೊಂದಿಗೆ, ಕೆಳಗೆ ಇಂಗ್ಲಿಷ್ ಸಾಲು ಹಾಕಿ. ಅವರ ಕಡೆಯ ಒಬ್ಬ ಅರ್ಧ ಆಡಿ ನಿಲ್ಲಿಸಿ ಊರಿಗೆ ಫೋನು ಮಾಡಿ ಅಣ್ಣನ ಜೊತೆ ಜಗಳವಾಡಿದನಂತೆ. ದನಿ ಬದಲಿಸಬೇಡಿ ಎಂದು ಅವರು ಬರೆದರು.

ಆದರೆ ಅಣ್ಣ ತಂಗಿಯ ಕೈ ಅಡುಗೆ ಬಿಟ್ಟಿದ್ದರು. ಊಟದ ಹೊತ್ತಿಗೆ ಮೇನ್ ರೋಡಿನ ದರ್ಶಿನಿಯಲ್ಲಿ ನಿಂತುಕೊಂಡು ಇಡ್ಲಿ ತಿನ್ನುತ್ತಿದ್ದುದನ್ನು ನಾನೇ ಕಂಡೆ. ಧನಮ್ಮ ದಿನವೂ ಅವರ ಪಾಲಿನ ಮುದ್ದೆ ಕಟ್ಟಿ ಮುಚ್ಚಿಟ್ಟು, ಸಂಜೆ ಹಸುವಿಗೆ ಹಾಕುತ್ತಿದ್ದರು. ಬಾ ಎಂದು ಕರೆಯಲಿಲ್ಲ. ಅವರೇನು ಯೋಚಿಸುತ್ತಿದ್ದಾರೆಂದು ನನಗೆ ತಿಳಿಯುತ್ತಿರಲಿಲ್ಲ. ನನಗಂತೂ ಭಯವಿತ್ತು, ಶೀಟಿನ ಮನೆಗೆ ಯಾವಾಗ ಹಾರೆ ಬೀಳುತ್ತದೋ ಎಂದು.

ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ನಾವು ಮೂವರೂ ಧನಮ್ಮನ ಅಡುಗೆಮನೆಯಲ್ಲಿ ಉಣ್ಣುತ್ತಿದ್ದಾಗ ಮುನಿಆಂಜನಪ್ಪ ಬಾಗಿಲಿಗೆ ಬಂದರು. ಯಾರ ಮುಖವನ್ನೂ ನೋಡದೆ ಚಪ್ಪಲಿ ಬಿಟ್ಟು, ಮಣೆ ಎಳೆದುಕೊಂಡು ಕೂತರು. ಧನಮ್ಮ ತಟ್ಟೆ ಇಟ್ಟು ಮುದ್ದೆ ಹಾಕಿದರು. ಅವರು ಗುಳಿ ಮಾಡಿ ಸಾರು ಹುಯ್ಯಿಸಿಕೊಂಡರು, ನಾಲ್ಕು ತುತ್ತು ನುಂಗಿದರು. ಆಮೇಲೆ ಗಂಟಲು ಸರಿಮಾಡಿಕೊಂಡರು.

"ಚಿಕ್ಕಪ್ಪನ ಹತ್ರ ಮಾತಾಡಿದೀನಿ. ನಿನ್ನ ಪಾಲು ನಿನ್ನ ಹೆಸ್ರಿಗೇ ಬಿಡಣ. ಹಿಂದ್ಗಡೆ ಕೆರೆ ಕಡೆ ಒಂದು ಭಾಗ ಅಳೆದು ಕೊಡ್ತೀನಿ. ಆಯ್ತಾ?"

ನಾನು ಮುಕ್ತಾರನ ಕಡೆ ನೋಡಿದೆ. ಧನಮ್ಮ ಒಲೆಯ ಮೇಲಿನ ಪಾತ್ರೆಗೆ ಮುಚ್ಚಳ ಮುಚ್ಚಿ, ಅಣ್ಣನ ಎದುರಿಗೆ ಬಂದು ಕೂತರು.

"ಕೆರೆ ಕಡೇದು ಬೇಡ. ರೋಡ್ ಕಡೇದು ಕೊಡು."

ತುತ್ತು ಹಿಡಿದ ಕೈ ಅಲ್ಲೇ ನಿಂತಿತು. "ಅದು ಕಾರ್ನರ್ ಕಣೇ ಧನ!"

"ಗೊತ್ತು," ಎಂದರು ಧನಮ್ಮ. "ಮುದ್ದೆ ಆರೋಗುತ್ತೆ, ತಿನ್ನು."